ಹಳೇ ಲ್ಯಾಪ್‌ಟಾಪ್ ಗುಜರಿಗೆ ಹಾಕೋ ಮುಂಚೆ ಒಂದು ಮಾತು

ಮಾನ್ಯ ಸಂಪಾದಕರೇ,

ವಿಂಡೋಸ್ 10ಕ್ಕೆ ಸಪೋರ್ಟ್ ನಿಂತಿದ್ದರ ಬಗ್ಗೆ ನಿಮ್ಮ ಪೇಪರ್‌ನಲ್ಲಿ ಬಂದಿದ್ದ ಬರಹ ಓದಿದೆ, ಅದರಲ್ಲಿ ಹೇಳಿದ್ದು ಬಹುಪಾಲು ಸರಿ ಇತ್ತು, ಆದ್ರೆ ಕೊನೆಗೆ ಬಂದು ಹೊಸ ಲ್ಯಾಪ್‌ಟಾಪ್ ತಗೊಳ್ಳೋದೇ ಒಳ್ಳೇದು ಅಂತ ಮುಗಿಸಿಬಿಟ್ರಲ್ಲ, ಅದಕ್ಕೇ ಈ ಪತ್ರ ಬರೀತಾ ಇದೀನಿ. ವಿಂಡೋಸ್ ಬದಲಿಗೆ ಹಾಕ್ಕೋಬಹುದಾದ ಲಿನಕ್ಸ್ ಅನ್ನೋ ಫ್ರೀ ಆಪರೇಟಿಂಗ್ ಸಿಸ್ಟಂ (ಓಎಸ್) ಬಗ್ಗೆ ಒಂದೇ ಒಂದು ಸಾಲು ಇತ್ತು, "ತಿಳಿದವರು ಲಿನಕ್ಸ್ ಕೂಡ ಪ್ರಯತ್ನಿಸಬಹುದು" ಅಂತ. ತಿಳಿದವರಿಗೆ ನಿಮ್ಮ ಸಲಹೆ ಬೇಕಾಗಿಲ್ಲ ಸ್ವಾಮಿ, ತಿಳಿಯದೇ ಇರೋರಿಗೇ ಬೇಕಾಗಿರೋದು. ತುಮಕೂರಲ್ಲಿ ಬಿ.ಎಚ್. ರಸ್ತೆ ಪಕ್ಕದ ಒಂದು ಗಲ್ಲೀಲಿ ಸಣ್ಣ ಕಂಪ್ಯೂಟರ್ ರಿಪೇರಿ ಅಂಗಡಿ ನಡೆಸೋನು ನಾನು, ನಿಮ್ಮ ಬರಹ ಬಂದ ಮೇಲೆ ಅದರ ಕಟಿಂಗ್ ಇಟ್ಕೊಂಡೇ ಜನ ಬರ್ತಾ ಇದಾರೆ, ಇದನ್ನ ಎಷ್ಟಕ್ಕೆ ತಗೋತೀರಾ ಅಂತ.

ಮೊದಲು ವಿಷಯ ಏನು ಅಂತ ನೋಡೋಣ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಫ್ರೀ ಅಪ್‌ಡೇಟ್ ನಿಂತೋಯ್ತು. ವಿಂಡೋಸ್ 11 ಹಾಕೋಣ ಅಂದ್ರೆ ಟಿಪಿಎಂ 2.0 ಅನ್ನೋ ಸೆಕ್ಯೂರಿಟಿ ಚಿಪ್ ಇರಬೇಕು, ಇಂಟೆಲ್ ಆದ್ರೆ ಹೆಚ್ಚುಕಮ್ಮಿ ಎಂಟನೇ ಜನರೇಷನ್ ಮೇಲಿನ ಪ್ರೊಸೆಸರ್ ಆಗಿರಬೇಕು, ಅಂದ್ರೆ 2017ರ ಕೊನೆಗೆ ಬಂದಿದ್ದು ಅಥವಾ ಆಮೇಲಿಂದು. ಹಂಗಾಗಿ 2016ರಲ್ಲಿ ನಲವತ್ತೈವತ್ತು ಸಾವಿರ ಕೊಟ್ಟು ತಗೊಂಡಿರೋ ಆರನೇ ಜನರೇಷನ್ ಐ5, 8 ಜಿಬಿ ರ‍್ಯಾಮ್ ಇರೋ ಗಟ್ಟಿ ಲ್ಯಾಪ್‌ಟಾಪ್ ಕೂಡ ಲೆಕ್ಕಕ್ಕೆ ಇಲ್ಲ. ಕೆಟ್ಟೋಗಿದೆಯಾ ಅಂದ್ರೆ ಇಲ್ಲ, ಸ್ಲೋ ಆಗಿದೆಯಾ ಅಂದ್ರೆ ಅದೂ ಹೇಳಿಕೊಳ್ಳೋ ಅಷ್ಟಿಲ್ಲ, ಆದ್ರೂ ಗುಜರಿ. ಪ್ರಪಂಚದಲ್ಲಿ ಇಂಥ 24 ಕೋಟಿ ಕಂಪ್ಯೂಟರ್ ಮೂಲೆಗೆ ಬೀಳಬಹುದು ಅಂತ ಕ್ಯಾನಲಿಸ್ ಅನ್ನೋ ಸಂಸ್ಥೆ 2023ರಲ್ಲೇ ಅಂದಾಜು ಹೇಳಿತ್ತು. ಇಎಂಐ ಹಾಕ್ಕೊಂಡು ಹೊಸದು ತಗೊಳ್ಳೋಕೆ ಹೊರಟಿರೋರ ಕೈಲಿರೋ ಹಳೇದನ್ನ ನೋಡಿದ್ರೆ ಅಂಗೈಲಿ ಬೆಣ್ಣೆ ಇಟ್ಕೊಂಡು ತುಪ್ಪಕ್ಕೆ ಊರೆಲ್ಲ ಅಲೆದ ಹಾಗೆ ಅನ್ಸುತ್ತೆ.

ನಿಮ್ಮ ಬರಹದಲ್ಲಿ ಬಿಟ್ಟೋಗಿದ್ದ ಇನ್ನೊಂದು ವಿಷಯ, ಮೈಕ್ರೋಸಾಫ್ಟ್‌ನೋರು ಮನೆ ಬಳಕೆದಾರರಿಗೆ 2026ರ ಅಕ್ಟೋಬರ್ 13ರ ತನಕ ಸೆಕ್ಯೂರಿಟಿ ಅಪ್‌ಡೇಟ್ ಕೊಡ್ತಾರೆ, ಅವರ ಅಕೌಂಟಿಂದ ಲಾಗಿನ್ ಆಗಿ ಸೆಟ್ಟಿಂಗ್ಸ್ ಬ್ಯಾಕಪ್ ಆನ್ ಮಾಡಿದ್ರೆ ದುಡ್ಡೂ ಕೊಡಬೇಕಾಗಿಲ್ಲ. ಅದು ಸ್ವಲ್ಪ ಟೈಮ್ ಕೊಡುತ್ತೆ ಅಷ್ಟೆ. ಇನ್ನು ಕೆಲವರು ಚಿಪ್ ಚೆಕ್ ಮಾಡೋದನ್ನ ತಪ್ಪಿಸಿ ವಿಂಡೋಸ್ 11 ಹಾಕಿ ಕೊಡ್ತಾರೆ, ಓಡುತ್ತೆ, ನಾನು ಓಡಲ್ಲ ಅನ್ನಲ್ಲ, ಆದ್ರೆ ಅಂಥ ಮಷೀನಿಗೆ ಅಪ್‌ಡೇಟ್ ಬಂದೇ ಬರುತ್ತೆ ಅನ್ನೋ ಗ್ಯಾರಂಟಿ ಇಲ್ಲ ಅಂತ ಕಂಪನೀನೇ ಹೇಳಿದೆ.

ಈಗ ಲಿನಕ್ಸ್ ವಿಷಯಕ್ಕೆ ಬರ್ತೀನಿ. ಲಿನಕ್ಸ್ ಹಾಕ್ಕೊಳ್ಳಿ ಅಂತ ಹೇಳೋದು ಸುಲಭ, ಆದ್ರೆ ಲಿನಕ್ಸಲ್ಲಿ ಬೇರೆ ಬೇರೆ ಹೆಸರಿನ ಬಗೆಗಳಿವೆ, ಯಾವ ಲಿನಕ್ಸ್ ಅಂದ್ರೆ ಅಲ್ಲೇ ಜಗಳ ಶುರು. ನನ್ನ ಅಂಗಡಿಗೆ ಇಂಜಿನಿಯರಿಂಗ್ ಓದೋ ಹುಡುಗರು ಬರ್ತಾರೆ, ಅಪ್ಪನ ಹಳೇ ಲ್ಯಾಪ್‌ಟಾಪ್ ತಂದು "ಅಣ್ಣಾ ಇದಕ್ಕೆ ಕಾಲಿ ಹಾಕಿ" ಅಂತಾರೆ, ಇಲ್ಲ "ಆರ್ಚ್ ಹಾಕಿ" ಅಂತಾರೆ, ಯೂಟ್ಯೂಬಲ್ಲಿ ನೋಡಿರ್ತಾರೆ, ಕಪ್ಪು ಸ್ಕ್ರೀನು ಹಸಿರು ಅಕ್ಷರ ಚೆನ್ನಾಗಿ ಕಾಣುತ್ತೆ. ಕಾಲಿ ಅನ್ನೋದು ನೆಟ್‌ವರ್ಕ್ ಸೆಕ್ಯೂರಿಟಿ ಟೆಸ್ಟ್ ಮಾಡೋರಿಗೆ ಅಂತ ಮಾಡಿರೋದು, ದಿನನಿತ್ಯದ ಡೆಸ್ಕ್‌ಟಾಪ್ ಕೆಲಸಕ್ಕೆ ಅಲ್ಲ ಅಂತ ಅದನ್ನ ಮಾಡಿದೋರೇ ಬರೆದಿದಾರೆ. ಆರ್ಚ್ ಒಳ್ಳೇದೇ, ಕಲಿಯೋಕೆ ಬಹಳ ಒಳ್ಳೇದು, ಆದ್ರೆ ಅದರಲ್ಲಿ ಹೊಸ ವರ್ಷನ್‌ಗಳು ದಿನಾ ಬರ್ತಾನೇ ಇರ್ತವೆ, ಒಂದು ತಿಂಗಳು ಅಪ್‌ಡೇಟ್ ಮಾಡದೆ ಬಿಟ್ಟು ಆಮೇಲೆ ಮಾಡೋಕೆ ಹೋದ್ರೆ ಏನಾದ್ರೂ ಒಂದು ಕೈಕೊಡಬಹುದು, ಸರಿ ಮಾಡ್ಕೊಳ್ಳೋ ತಾಳ್ಮೆ ಇರಬೇಕು. ತಿಪಟೂರಲ್ಲಿ ಕೊಬ್ಬರಿ ಮಂಡಿ ಲೆಕ್ಕ ಬರೆಯೋರಿಗೆ, ಪಾವಗಡದಲ್ಲಿ ಟ್ಯೂಷನ್ ಹೇಳ್ಕೊಡೋ ಮೇಡಂಗೆ ಆ ತಾಳ್ಮೆ ಯಾಕೆ ಇರಬೇಕು ಹೇಳಿ, ಅವರಿಗೆ ಬೇಕಾಗಿರೋದು ಬಟನ್ ಒತ್ತಿದ್ರೆ ಆನ್ ಆಗಬೇಕು, ನಿನ್ನೆ ಇದ್ದ ಜಾಗದಲ್ಲೇ ಇವತ್ತೂ ಎಲ್ಲ ಇರಬೇಕು.

ನನ್ನ ಓಟು ಡೆಬಿಯನ್ ಅನ್ನೋ ಲಿನಕ್ಸ್‌ಗೆ. 1993ರಲ್ಲಿ ಇಯಾನ್ ಮರ್ಡಾಕ್ ಅನ್ನೋ ಹುಡುಗ ಶುರು ಮಾಡಿದ್ದು, ಇವತ್ತಿಗೂ ಅದರ ಹಿಂದೆ ಯಾವ ಕಂಪನಿ ಮಾಲೀಕನೂ ಇಲ್ಲ, ಪ್ರಪಂಚದಾದ್ಯಂತ ಇರೋ ವಾಲಂಟಿಯರ್‌ಗಳು ಸೇರ್ಕೊಂಡು ನಡೆಸ್ತಾರೆ, ಉಬುಂಟು ಅನ್ನೋ ಹೆಸರಾಂತ ಲಿನಕ್ಸ್ ಹುಟ್ಟಿದ್ದೂ ಇದರಿಂದಾನೇ. ಸುಮಾರು ಎರಡು ವರ್ಷಕ್ಕೊಂದು ಸಲ ಹೊಸದು ಬಿಡ್ತಾರೆ, ಬಿಟ್ಟ ಮೇಲೆ ಅದರೊಳಗಿನ ಸಾಫ್ಟ್‌ವೇರ್‌ಗಳ ವರ್ಷನ್ ಸಾಮಾನ್ಯವಾಗಿ ಬದಲಾಯಿಸಲ್ಲ, ಸೆಕ್ಯೂರಿಟಿ ತೂತು ಮುಚ್ಚೋದು, ದೊಡ್ಡ ತೊಂದರೆ ಇದ್ರೆ ಸರಿ ಮಾಡೋದು, ಅಷ್ಟೇ. ಮೂರು ವರ್ಷ ಪೂರ್ತಿ ಸಪೋರ್ಟು, ಆಮೇಲೆ ಎರಡು ವರ್ಷ ಇನ್ನೊಂದು ತಂಡ ನೋಡ್ಕೊಳ್ಳುತ್ತೆ, ಒಟ್ಟು ಐದು ವರ್ಷ. ಡೆಬಿಯನ್ 13 ಬಂದಿದ್ದು 2025ರ ಆಗಸ್ಟ್ 9ಕ್ಕೆ, ಹಂಗಾಗಿ ಅದನ್ನ ಹಾಕಿದ್ರೆ 2030ರ ತನಕ ತಲೆನೋವಿಲ್ಲ. ಇದರಲ್ಲಿ ಎಲ್ಲ ಹಳೇ ವರ್ಷನ್ ಅಂತ ಕೆಲವರು ಮೂಗು ಮುರೀತಾರೆ. ಹತ್ತು ವರ್ಷದ ಲ್ಯಾಪ್‌ಟಾಪಿಗೆ ಮೊನ್ನೆ ಬಂದ ವರ್ಷನ್ ಇಟ್ಕೊಂಡು ಏನು ಮಾಡ್ತೀರಾ, ಅದರ ಹಾರ್ಡ್‌ವೇರ್‌ನ ಓಡಿಸೋ ಡ್ರೈವರ್ ಸಾಫ್ಟ್‌ವೇರ್ ಯಾವತ್ತೋ ಬಂದು ಕೂತಾಗಿದೆ. ಅಷ್ಟಕ್ಕೂ ಡೆಬಿಯನ್ 12ರಿಂದ ಈಚೆಗೆ ವೈಫೈ ಚಿಪ್‌ಗೆ ಬೇಕಾದ ಫರ್ಮ್‌ವೇರ್ ಫೈಲ್‌ಗಳನ್ನ ಇನ್‌ಸ್ಟಾಲರ್ ಜೊತೆಗೇ ಕೊಡ್ತಾರೆ, ಮುಂಚೆ ಅದಕ್ಕೆ ಪಟ್ಟ ಪಾಡು ಈಗಿಲ್ಲ.

ಇನ್ನೊಂದು ಕಾರಣ, ನಮಗೆ ಬೇಕಾದ ಹಾಗೆ ಕೆತ್ತಿಕೊಳ್ಳಬಹುದು. ಇನ್‌ಸ್ಟಾಲ್ ಮಾಡೋವಾಗ ಯಾವ ಡೆಸ್ಕ್‌ಟಾಪ್, ಅಂದ್ರೆ ಸ್ಕ್ರೀನಲ್ಲಿ ಕಾಣೋ ಮೆನು, ಕಿಟಕಿಗಳ ರೂಪ, ಬೇಕು ಅಂತ ಒಂದು ಪಟ್ಟಿ ಬರುತ್ತೆ, ಗ್ನೋಮ್, ಎಕ್ಸ್‌ಎಫ್‌ಸಿಇ, ಕೆಡಿಇ, ಸಿನ್ನಮನ್, ಮಾಟೆ, ಎಲ್‌ಎಕ್ಸ್‌ಕ್ಯೂಟಿ ಅಂತ. ಏನೂ ಮುಟ್ಟದೆ ಮುಂದೆ ಹೋದ್ರೆ ಗ್ನೋಮ್ ಬಂದು ಕೂರುತ್ತೆ, ನೋಡೋಕೆ ಚೆಂದ, ಆದ್ರೆ 4 ಜಿಬಿ ಮಷೀನಿಗೆ ಭಾರ. ಅಲ್ಲಿ ಗ್ನೋಮ್ ಟಿಕ್ ತೆಗೆದು ಎಕ್ಸ್‌ಎಫ್‌ಸಿಇಗೆ ಟಿಕ್ ಹಾಕಿ. ಸುಮ್ಮನೆ ಆನ್ ಆಗಿ ಕೂತಾಗ ಅದು 1 ಜಿಬಿಗಿಂತ ಕಮ್ಮಿ ರ‍್ಯಾಮ್ ತಗೊಳ್ಳುತ್ತೆ, ಪ್ಯಾನೆಲ್ ಅನ್ನೋ ಪಟ್ಟೀನ ಸ್ಕ್ರೀನಿನ ಕೆಳಗಡೆಗೆ ಎಳೆದು ಇಟ್ಟು ಎಡಗಡೆ ಮೂಲೇಲಿ ಮೆನು ಇಟ್ಟುಬಿಟ್ರೆ ವಿಂಡೋಸ್ 7 ನೋಡಿದೋರಿಗೆ ಹೊಸದು ಅನ್ಸೋದೇ ಇಲ್ಲ. ಅಕ್ಷರ ದೊಡ್ಡದು ಮಾಡೋದು, ಬೇಡದ ಐಕಾನ್ ತೆಗೆಯೋದು, ಆನ್ ಆದ ತಕ್ಷಣ ಶುರು ಆಗೋ ಪ್ರೋಗ್ರಾಂಗಳನ್ನ ನಿಲ್ಲಿಸೋದು ಎಲ್ಲ ಮೌಸಲ್ಲೇ ಆಗುತ್ತೆ. ಇನ್ನೂ ಕೆತ್ತಬೇಕು ಅನ್ನೋ ಹುಚ್ಚು ಇರೋರು ಡೆಸ್ಕ್‌ಟಾಪೇ ಇಲ್ಲದೆ ಬರೀ ತಳಪಾಯ ಹಾಕ್ಕೊಂಡು ಅದರ ಮೇಲೆ ಐಸ್‌ಡಬ್ಲ್ಯುಎಂ, ಓಪನ್‌ಬಾಕ್ಸ್ ಇಂಥ ಬರೀ ಕಿಟಕಿಗಳನ್ನ ನೋಡ್ಕೊಳ್ಳೋ ಹಗುರ ಪ್ರೋಗ್ರಾಂಗಳನ್ನ ತಾವೇ ಕಟ್ಕೋಬಹುದು, ಆ ಆರ್ಚ್ ಕೇಳೋ ಹುಡುಗರಿಗೆ ನಾನು ಹೇಳೋದು ಇದನ್ನೇ, ಕಲಿಯೋ ಆಸೆ ಇದ್ರೆ ಇದರಲ್ಲೂ ಕಲೀಬಹುದು, ಜೊತೆಗೆ ಅಪ್ಪನ ಕೆಲಸವೂ ನಿಲ್ಲಲ್ಲ. ಇನ್‌ಸ್ಟಾಲ್ ಹೊತ್ತಲ್ಲಿ ರೂಟ್, ಅಂದ್ರೆ ಸಿಸ್ಟಂನ ಯಜಮಾನ ಅಕೌಂಟಿನ, ಪಾಸ್‌ವರ್ಡ್ ಕೇಳುತ್ತೆ, ಅದನ್ನ ಖಾಲಿ ಬಿಟ್ಟು ಮುಂದೆ ಹೋಗಿ, ಆವಾಗ ನಿಮ್ಮ ಹೆಸರಿನ ಅಕೌಂಟಿಗೇ ಆ ಯಜಮಾನನ ಕೆಲಸ ಮಾಡೋ ಅಧಿಕಾರ (sudo) ಸಿಗುತ್ತೆ, ಎರಡೆರಡು ಪಾಸ್‌ವರ್ಡ್ ನೆನಪಿಡೋ ಗೋಳಿಲ್ಲ. ಇದು ಗೊತ್ತಿಲ್ದೆ ಎಷ್ಟೋ ಜನ ಮೊದಲ ದಿನವೇ ಬೇಜಾರಾಗಿ ಬಿಟ್ಟುಬಿಡ್ತಾರೆ.

ಇಷ್ಟೆಲ್ಲ ಯಾರು ಮಾಡ್ತಾರೆ ಅನ್ನೋರಿಗೆ ಲಿನಕ್ಸ್ ಮಿಂಟ್ ಇದೆ, ಅದರಲ್ಲೂ ಎಕ್ಸ್‌ಎಫ್‌ಸಿಇ ಎಡಿಷನ್. ಮಿಂಟ್ 22 ಸೀರೀಸ್ ಉಬುಂಟು 24.04 ಮೇಲೆ ಕಟ್ಟಿರೋದು, 2029ರ ತನಕ ಅಪ್‌ಡೇಟ್ ಇದೆ. 2 ಜಿಬಿ ರ‍್ಯಾಮ್ ಸಾಕು, 4 ಇದ್ರೆ ಒಳ್ಳೇದು ಅಂತಾರೆ. ಡ್ರೈವರ್ ಮ್ಯಾನೇಜರ್ ಅಂತ ಒಂದಿದೆ, ಬ್ರಾಡ್‌ಕಾಮ್ ವೈಫೈ ಇರೋ ಹಳೇ ಲ್ಯಾಪ್‌ಟಾಪ್‌ಗಳಿಗೆ ಅದು ಬಹಳ ಉಪಯೋಗ, ಮತ್ತೆ ಟೈಮ್‌ಶಿಫ್ಟ್ ಅನ್ನೋದು ಏನಾದ್ರೂ ಎಡವಟ್ಟಾದ್ರೆ ಸಿಸ್ಟಂನ ಹಿಂದಿನ ಸ್ಥಿತಿಗೆ ತಗೊಂಡು ಹೋಗುತ್ತೆ. ಮನೆಯವರಿಗೆ, ವಯಸ್ಸಾದೋರಿಗೆ ನಾನೂ ಮಿಂಟೇ ಹಾಕಿ ಕೊಡೋದು, ಸುಳ್ಳು ಯಾಕೆ ಹೇಳಲಿ. ಕೈಯಾಡಿಸೋ ಆಸೆ ಇರೋರಿಗೆ, ಇಲ್ಲ ಒಂದೇ ಕೆಲಸಕ್ಕೆ ಅಂತ ಮಷೀನ್ ಇಡೋರಿಗೆ ಡೆಬಿಯನ್.

32 ಬಿಟ್ ಅನ್ನೋ ಹಳೇ ಕಾಲದ ಪ್ರೊಸೆಸರ್ ಬಗ್ಗೆ ಒಂದು ಮಾತು, ಈಗಿನವು 64 ಬಿಟ್. ಡೆಬಿಯನ್ 13ರಿಂದ 32 ಬಿಟ್ ಪಿಸಿಗಳಿಗೆ ಇನ್‌ಸ್ಟಾಲರ್ ನಿಲ್ಲಿಸಿದಾರೆ, ಆಟಂ ಪ್ರೊಸೆಸರ್ ಇರೋ ಹಳೇ ಪುಟ್ಟ ಲ್ಯಾಪ್‌ಟಾಪ್ (ನೆಟ್‌ಬುಕ್) ಇರೋರು ಡೆಬಿಯನ್ 12ಕ್ಕೇ ಹೋಗಬೇಕು, ಅದರ ಆಯಸ್ಸು ಹೆಚ್ಚಂದ್ರೆ 2028. ಆದ್ರೆ ನನ್ನದು 32 ಬಿಟ್ ಅಂತ ಬರೋ ಬಹಳಷ್ಟು ಮಷೀನ್ ನಿಜವಾಗಿ 64 ಬಿಟ್ಟೇ ಆಗಿರ್ತವೆ, ಯಾರೋ ಹಿಂದೆ 32 ಬಿಟ್ ವಿಂಡೋಸ್ ಹಾಕಿ ಕೊಟ್ಟಿರ್ತಾರೆ ಅಷ್ಟೆ. ಕೋರ್ 2 ಡ್ಯುಯೋ ಕೂಡ 64 ಬಿಟ್ ಪ್ರೊಸೆಸರೇ. ಪ್ರೊಸೆಸರ್ ಹೆಸರು ನೋಡಿ ತೀರ್ಮಾನ ಮಾಡಿ, ವಿಂಡೋಸ್ ಏನು ಹೇಳುತ್ತೆ ಅಂತಲ್ಲ.

ಅಂದಹಾಗೆ ಯಾವ ಓಎಸ್ ಹಾಕಿದ್ರೂ ತಿರುಗೋ ಹಾರ್ಡ್ ಡಿಸ್ಕ್ ಇಟ್ಕೊಂಡು ಸ್ಪೀಡ್ ನಿರೀಕ್ಷೆ ಮಾಡಬೇಡಿ. ಮೊದಲು ಅದನ್ನ ತೆಗೆದು ತಿರುಗೋ ಭಾಗವೇ ಇಲ್ಲದ ಸಾಟಾ ಎಸ್‌ಎಸ್‌ಡಿ ಡಿಸ್ಕ್ ಹಾಕ್ಸಿ, ಹಳೇ ಡಿಸ್ಕನ್ನ ಕೇಸಿಂಗ್‌ಗೆ ಹಾಕಿ ಬ್ಯಾಕಪ್‌ಗೆ ಇಟ್ಕೊಳ್ಳಿ. ಮೂರನೇ ಜನರೇಷನ್ ಐ3 ಕೂಡ ಇದೊಂದರಿಂದ ಜೀವ ಬಂದ ಹಾಗೆ ಆಡುತ್ತೆ. ಇನ್ನು ರ‍್ಯಾಮ್ 2 ಜಿಬಿನೇ ಇದ್ರೆ ಓಎಸ್ ಎಷ್ಟೇ ಹಗುರ ಇದ್ರೂ ಬ್ರೌಸರ್ ಹಗುರ ಆಗಲ್ಲ, ನಾಲ್ಕೈದು ಟ್ಯಾಬ್ ತೆಗೆದ್ರೆ ಏದುಸಿರು ಬಿಡುತ್ತೆ, ಅದನ್ನ ಯಾವ ಲಿನಕ್ಸೂ ಸರಿ ಮಾಡಲ್ಲ. ಹಗುರ ಲಿನಕ್ಸ್ ಹಾಕಿದ್ರೆ ರಾಕೆಟ್ ಆಗುತ್ತೆ ಅಂತ ವಿಡಿಯೋ ಮಾಡೋರು ಈ ಮಾತು ಹೇಳೋದೇ ಇಲ್ಲ.

ಇದೆಲ್ಲ ತಾಂತ್ರಿಕ ವಿಷಯ ಆಯ್ತು, ನಮ್ಮ ಕಡೆ ನಿಜವಾದ ತೊಡಕು ಬೇರೆ ಕಡೆ ಇದೆ. ಯಾರಾದ್ರೂ ಬಂದು ಲಿನಕ್ಸ್ ಹಾಕಿ ಅಂದ್ರೆ ನಾನು ಮೊದಲು ಕೇಳೋದು ಲ್ಯಾಪ್‌ಟಾಪಿನ ಮಾಡೆಲ್ ಅಲ್ಲ, ನೀವು ಇದರಲ್ಲಿ ಏನು ಕೆಲಸ ಮಾಡ್ತೀರಾ ಅಂತ. ಟ್ಯಾಲಿ ಅನ್ನೋ ಲೆಕ್ಕದ ಸಾಫ್ಟ್‌ವೇರ್ ಅಂದ್ರೆ ಅಲ್ಲಿಗೇ ನಿಲ್ಲಿಸ್ತೀನಿ, ಅದು ವಿಂಡೋಸ್‌ಗೆ ಅಂತಾನೇ ಮಾಡಿರೋದು, ಸರ್ಕಸ್ ಮಾಡಿ ಓಡಿಸಬಹುದು, ಆದ್ರೆ ವ್ಯಾಪಾರದ ಲೆಕ್ಕ ಇಟ್ಕೊಂಡು ಸರ್ಕಸ್ ಮಾಡೋದು ಬೇಡ. ಟೆಂಡರ್ ಹಾಕೋರು, ಆಡಿಟರ್‌ಗಳು ಡಿಜಿಟಲ್ ಸಿಗ್ನೇಚರ್ ಡಾಂಗಲ್ ಇಟ್ಕೊಂಡಿರ್ತಾರೆ, ಕೆಲವು ಡಾಂಗಲ್‌ಗೆ ಲಿನಕ್ಸ್ ಡ್ರೈವರ್ ಇದ್ರೂ ಸಹಿ ಹಾಕೋ ಸಾಫ್ಟ್‌ವೇರ್ ವಿಂಡೋಸನ್ನೇ ನಂಬಿಕೊಂಡಿರುತ್ತೆ. ಗ್ರಾಮ ಒನ್ ಥರದ ಸೆಂಟರ್ ನಡೆಸೋರ ಬೆರಳಚ್ಚು ಮಷೀನ್ ಕಥೆನೂ ಹೆಚ್ಚುಕಮ್ಮಿ ಅದೇ. ಇಂಥವರು ಆ ಒಂದು ಕೆಲಸಕ್ಕೆ ವಿಂಡೋಸ್ ಮಷೀನ್ ಇಟ್ಕೊಳ್ಳಲೇಬೇಕು. ಲಿನಕ್ಸ್ ಪರ ಮಾತಾಡೋ ನಮ್ಮೋರೇ ಇದನ್ನ ಮುಚ್ಚಿಟ್ಟು ಹಾಕಿ ಕೊಟ್ಟುಬಿಡ್ತಾರೆ, ಆ ಗಿರಾಕಿ ವಾರದೊಳಗೆ ವಾಪಸ್ ತಂದು ಲಿನಕ್ಸೇ ಸರಿ ಇಲ್ಲ ಅಂತಾನೆ.

ಪ್ರಿಂಟರ್ ವಿಷಯ ಇನ್ನೂ ಗಮ್ಮತ್ತು. ಝೆರಾಕ್ಸ್ ಅಂಗಡಿ, ವಕೀಲರ ಆಫೀಸು, ಎಲ್ಲಿ ನೋಡಿದ್ರೂ ಕ್ಯಾನನ್ ಎಲ್‌ಬಿಪಿ 2900 ಇರುತ್ತೆ, ಮಷೀನ್ ಗಟ್ಟಿ, ಅದರಲ್ಲಿ ಎರಡು ಮಾತಿಲ್ಲ, ಆದ್ರೆ ಅದು ಕ್ಯಾಪ್ಟ್ ಅನ್ನೋ ಕಂಪನಿಯದ್ದೇ ಆದ ಭಾಷೇಲಿ ಮಾತಾಡುತ್ತೆ, ಹಂಗಾಗಿ ಲಿನಕ್ಸಲ್ಲಿ ಅದನ್ನ ಕೂರಿಸೋದು ಕಷ್ಟದ ಕೆಲಸ. ಎಚ್‌ಪಿ ಲೇಸರ್‌ಜೆಟ್‌ಗಳು ಎಚ್‌ಪಿಲಿಪ್ ಅನ್ನೋ ಡ್ರೈವರ್ ಸಾಫ್ಟ್‌ವೇರ್ ಹಾಕಿದ್ರೆ ಬಹುತೇಕ ನಡೀತವೆ, 1020 ಥರ ಹಳೇವಕ್ಕೆ ಒಂದು ಪ್ಲಗಿನ್ ಇಳಿಸ್ಕೋಬೇಕು. ಈಚಿನ ವೈಫೈ ಪ್ರಿಂಟರ್‌ಗಳು ಸುಮಾರಾಗಿ ಬೇರೆ ಡ್ರೈವರ್ ಹಾಕದೇನೇ ನಡೀತವೆ.

ಕನ್ನಡದ ವಿಷಯ ಬಿಟ್ಟರೆ ಈ ಪತ್ರ ಬರೆದೂ ಪ್ರಯೋಜನ ಇಲ್ಲ. ಲಿನಕ್ಸಲ್ಲಿ ಕನ್ನಡ ಬರಲ್ಲ ಅನ್ನೋ ಮಾತು ಇನ್ನೂ ಓಡಾಡ್ತಾ ಇದೆ, ಅದು ಹಳೇ ಮಾತು. ಕೀಬೋರ್ಡ್ ಸೆಟ್ಟಿಂಗ್‌ಗೆ ಹೋಗಿ ಲೇಔಟ್ ಪಟ್ಟೀಲಿ ಭಾರತದ ಕೆಳಗೆ ನೋಡಿದ್ರೆ ಕನ್ನಡ ಕಗಪ ಅಂತಾನೇ ಸಿಗುತ್ತೆ, ಕೆ.ಪಿ. ರಾವ್ ಅವರು ರೂಪಿಸಿದ ವಿನ್ಯಾಸದ ಮೇಲೆ ಬಂದಿರೋದು, ನುಡಿ ಅನ್ನೋ ಕನ್ನಡ ಸಾಫ್ಟ್‌ವೇರ್‌ನಲ್ಲಿ ಟೈಪ್ ಮಾಡಿ ಅಭ್ಯಾಸ ಇರೋರ ಬೆರಳು ಬೇಗ ಕೂರುತ್ತೆ. ಇನ್‌ಸ್ಕ್ರಿಪ್ಟ್ ಅನ್ನೋ ಇನ್ನೊಂದು ಕೀಲಿ ವಿನ್ಯಾಸ ಬೇಕಾದ್ರೆ ಅದೂ ಇದೆ. ಫಾಂಟಿಗೆ ಲೋಹಿತ್ ಇದೆ, ನೋಟೋ ಇದೆ, ಗುಬ್ಬಿ, ನವಿಲು ಅಂತ ಎರಡು ಚೆಂದದ ಫಾಂಟ್ ಡೆಬಿಯನ್ ಭಂಡಾರದಲ್ಲೇ ಸಿಗ್ತವೆ. ಗುಬ್ಬಿ ತಾಲೂಕಿನ ಗಿರಾಕಿಗಳಿಗೆ ನಾನು ಮೊದಲು ಹಾಕಿ ಕೊಡೋದು ಅದನ್ನೇ, ಖುಷಿ ಪಡ್ತಾರೆ. ಪತ್ರ, ಅರ್ಜಿ, ಲೆಕ್ಕಪತ್ರಕ್ಕೆ ಲಿಬ್ರೆಆಫೀಸ್ ಅನ್ನೋ ಫ್ರೀ ಆಫೀಸ್ ಸಾಫ್ಟ್‌ವೇರ್ ಸಾಕು.

ತೊಂದರೆ ಆಗೋದು ಹಳೇ ಫೈಲ್‌ಗಳಿಂದ. ನುಡಿ, ಬರಹ ಅನ್ನೋ ಸಾಫ್ಟ್‌ವೇರ್‌ಗಳ ಹಳೇ ಆಸ್ಕಿ ಫಾಂಟಲ್ಲಿ, ಅಂದ್ರೆ ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ಆಕಾರ ಕೂರಿಸಿದ ಫಾಂಟಲ್ಲಿ, ಟೈಪ್ ಮಾಡಿರೋದನ್ನ ಆ ಫಾಂಟ್ ಇಲ್ಲದೆ ತೆಗೆದ್ರೆ ಇಂಗ್ಲಿಷ್ ಅಕ್ಷರ, ಚಿಹ್ನೆ ಎಲ್ಲ ಕಲಸಿದ ಚಿತ್ರಾನ್ನ ಕಾಣುತ್ತೆ, ಎಲ್ಲ ಕಡೆ ಓದೋಕೆ ಬರೋ ಯೂನಿಕೋಡ್‌ಗೆ ಪರಿವರ್ತನೆ ಮಾಡೋ ಸಾಧನಗಳಿವೆ, ಆದ್ರೆ ಮಾಡಿ ಆದ ಮೇಲೆ ಒಂದ್ಸಲ ಕಣ್ಣಾಡಿಸಲೇಬೇಕು, ಒತ್ತಕ್ಷರ ಅಲ್ಲಲ್ಲಿ ಕೈಕೊಡುತ್ತೆ. ಡಿಟಿಪಿ ಅಂಗಡಿಯವರು ಪೇಜ್‌ಮೇಕರ್, ಕೋರಲ್‌ಡ್ರಾ ಜೊತೆ ಈ ಆಸ್ಕಿ ಫಾಂಟನ್ನೇ ನಂಬ್ಕೊಂಡು ಲಗ್ನಪತ್ರಿಕೆಯಿಂದ ಹಿಡಿದು ಬ್ಯಾನರ್ ತನಕ ಮಾಡ್ತಾರೆ, ಅವರಿಗೆ ನಾನು ಲಿನಕ್ಸ್ ಅಂತ ಬಾಯೇ ಬಿಡಲ್ಲ. ಆದ್ರೆ ಸರ್ಕಾರಿ ಕಚೇರಿ, ಶಾಲೆಗಳಿಂದ ಬರೋ ಸುತ್ತೋಲೆ ಫೈಲುಗಳಲ್ಲೂ ಇವತ್ತಿಗೂ ಆಸ್ಕಿ ನುಸುಳಿರುತ್ತೆ ನೋಡಿ, ಅದಕ್ಕೆ ಮಾತ್ರ ನನಗೆ ಸಿಟ್ಟು. ನುಡಿಯಲ್ಲೇ ಯೂನಿಕೋಡ್ ಬಂದು ಎಷ್ಟು ಕಾಲ ಆಯ್ತು, ಒಂದು ಆಪ್ಷನ್ ಬದಲಾಯಿಸಿ ಟೈಪ್ ಮಾಡಿದ್ರೆ ಫೋನಲ್ಲೂ ಓದಬಹುದು ಲಿನಕ್ಸಲ್ಲೂ ಓದಬಹುದು, ಒಬ್ಬ ಮೇಷ್ಟ್ರು ಬರೀ ಆ ಫೈಲ್ ತೆಗೆಯೋಕೆ ವಿಂಡೋಸ್ ಇಟ್ಕೊಳ್ಳೋ ಹಾಗಾಗಬಾರದು. ನೀವು ಪತ್ರಿಕೆಯವರು ಇದರ ಬಗ್ಗೆ ಬರೆದ್ರೆ ನಾನು ಬರೆಯೋದಕ್ಕಿಂತ ಜಾಸ್ತಿ ನಾಟುತ್ತೆ.

ಪಕ್ಕದ ಕೇರಳ ನೋಡಿ, ಸರ್ಕಾರಿ ಶಾಲೆ ಕಂಪ್ಯೂಟರ್‌ಗಳಲ್ಲಿ ಅಲ್ಲಿನ ಸರ್ಕಾರದ ಕೈಟ್ ಸಂಸ್ಥೆಯವರು ಉಬುಂಟು ಮೇಲೆ ಕಟ್ಟಿದ ತಮ್ಮದೇ ಲಿನಕ್ಸ್ ಓಡಿಸ್ತಾರೆ, ಮಲಯಾಳಂನಲ್ಲೇ ಕಲೀತಾರೆ ಮಕ್ಕಳು. ತಮಿಳುನಾಡಲ್ಲಿ ವಿದ್ಯಾರ್ಥಿಗಳಿಗೆ ಫ್ರೀಯಾಗಿ ಕೊಟ್ಟ ಲ್ಯಾಪ್‌ಟಾಪ್‌ಗಳಲ್ಲಿ ವಿಂಡೋಸ್ ಜೊತೆ ಬಾಸ್ ಲಿನಕ್ಸ್ ಹಾಕಿ ಕೊಟ್ಟಿದ್ರು, ಅದು ಕೇಂದ್ರ ಸರ್ಕಾರದ ಕಂಪ್ಯೂಟರ್ ಸಂಶೋಧನಾ ಸಂಸ್ಥೆ ಸಿ-ಡ್ಯಾಕ್‌ನೋರು ಡೆಬಿಯನ್ ಮೇಲೆ ಮಾಡಿರೋದು. ನಮ್ಮಲ್ಲೂ ಡಿಗ್ರಿ ಮಕ್ಕಳಿಗೆ ಸರ್ಕಾರದಿಂದ ಲ್ಯಾಪ್‌ಟಾಪ್ ಸಿಕ್ಕಿದ್ವು, ಅದರಲ್ಲಿ ಕೆಲವು ಈಗ ನನ್ನ ಟೇಬಲ್ ಮೇಲೂ ಬರ್ತವೆ, ಬ್ಯಾಟರಿ ಸತ್ತಿರುತ್ತೆ, ಉಳಿದಿದ್ದೆಲ್ಲ ಚೆನ್ನಾಗಿರುತ್ತೆ. ನಮ್ಮೂರಲ್ಲಿ ಸಿದ್ಧಗಂಗಾ ಇಂಜಿನಿಯರಿಂಗ್ ಕಾಲೇಜು 1963ರಿಂದ ಇದೆ, ವಿಶ್ವವಿದ್ಯಾಲಯ ಇದೆ, ಪಾಲಿಟೆಕ್ನಿಕ್ ಇದೆ, ಇಲ್ಲಿನ ಮಕ್ಕಳು ಸೆಮಿಸ್ಟರ್‌ಗೊಂದು ಶನಿವಾರ ಪೆನ್‌ಡ್ರೈವ್ ಹಿಡ್ಕೊಂಡು ಕೂತು ಊರಿನೋರ ಹಳೇ ಲ್ಯಾಪ್‌ಟಾಪಿಗೆ ಓಎಸ್ ಹಾಕಿ ಕೊಟ್ರೆ ಎಷ್ಟು ಚೆನ್ನ. ನನ್ನ ವ್ಯಾಪಾರಕ್ಕೆ ಪೆಟ್ಟು ಬೀಳುತ್ತೆ ಅಂತೀರಾ, ಬೀಳಲಿ ಬಿಡಿ, ಎಸ್‌ಎಸ್‌ಡಿ ಹಾಕ್ಸೋಕೆ ನನ್ನ ಹತ್ರಾನೇ ಬರ್ತಾರೆ.

ಕೊನೇದಾಗಿ ನಿಮ್ಮ ಓದುಗರಿಗೆ, ಯಾರ ಮಾತೂ ನಂಬಬೇಡಿ, ನನ್ನದೂ ಸೇರಿ. 8 ಜಿಬಿ ಪೆನ್‌ಡ್ರೈವ್‌ಗೆ ಮಿಂಟ್ ಇಲ್ಲಾಂದ್ರೆ ಡೆಬಿಯನ್‌ನ ಲೈವ್ (ಇನ್‌ಸ್ಟಾಲ್ ಮಾಡದೆ ಓಡೋ) ಆವೃತ್ತಿ ಬರ್ಕೊಂಡು, ಆನ್ ಮಾಡೋವಾಗ ಎಫ್12 ಇಲ್ಲ ಎಸ್ಕೇಪ್ ಒತ್ತಿ ಅದರಿಂದಾನೇ ಶುರು ಮಾಡಿ, ಡಿಸ್ಕ್ ಮುಟ್ಟದೇನೇ ಪೂರ್ತಿ ಡೆಸ್ಕ್‌ಟಾಪ್ ಬರುತ್ತೆ. ವೈಫೈ ಹಿಡೀತಾ, ಸೌಂಡ್ ಬಂತಾ, ಕ್ಯಾಮೆರಾ ಕಾಣ್ತಾ, ಮುಚ್ಚಳ ಮುಚ್ಚಿ ತೆಗೆದ್ರೆ ಎದ್ದೇಳುತ್ತಾ, ನಿಮ್ಮ ಪ್ರಿಂಟರ್ ಸಿಗುತ್ತಾ ಅಂತ ಒಂದು ಸಂಜೆ ಕೂತು ನೋಡಿ. ಸರಿ ಅನ್ಸಿದ್ರೆ ಹಾಕಿ, ಇಲ್ಲಾಂದ್ರೆ ಪೆನ್‌ಡ್ರೈವ್ ಕಿತ್ಕೊಂಡು ಸುಮ್ಮನಾಗಿ.

ಸಂಪಾದಕರಲ್ಲಿ ಒಂದು ಕೋರಿಕೆ, ಹೊಸ ಫೋನುಗಳ ರಿವ್ಯೂಗೆ ವಾರವಾರ ಅರ್ಧ ಪುಟ ಕೊಡ್ತೀರಾ, ಒಂದೇ ಒಂದು ವಾರ ಆ ಜಾಗದಲ್ಲಿ ಇನ್‌ಸ್ಟಾಲ್ ಮಾಡೋ ಕ್ರಮ ಸ್ಕ್ರೀನ್ ಚಿತ್ರಗಳ ಸಮೇತ ಕನ್ನಡದಲ್ಲಿ ಹಾಕಿ. ಹಾಕೋದಾದ್ರೆ ಜಾಗ ಸಾಲಲ್ಲ ಅಂತ ಪಾರ್ಟಿಷನ್ ಮಾಡೋ, ಅಂದ್ರೆ ಡಿಸ್ಕನ್ನ ಭಾಗ ಮಾಡೋ ಹಂತವನ್ನ ಮಾತ್ರ ಕತ್ತರಿಸಬೇಡಿ, ಜನ ಮಕ್ಕಳ ಫೋಟೋ, ಮದುವೆ ಫೋಟೋ ಎಲ್ಲ ಕಳ್ಕೊಳ್ಳೋದು ಆ ಒಂದು ಸ್ಕ್ರೀನಲ್ಲೇ.

ಇಂತಿ,
ನಿಮ್ಮ ಓದುಗ, ಕಂಪ್ಯೂಟರ್ ರಿಪೇರಿಯವನು
ತುಮಕೂರು